ಗೆರೆಯ ಮೇಲಿನ ಕತ್ತರಿ ಗುರುತು

ಜನವರಿ 11

ಪ್ರೀತಿಯ ಗುಂಡಿ,

ನೀನು ಊರಿಗೆ ಹೋಗಿ ಆರು ದಿನವಾಯಿತು. ನೀನು ಮರೆತುಹೋದ ಛತ್ರಿ ಹೊಲಿಗೆ ಮಿಷನ್ನಿನ ಪಕ್ಕದಲ್ಲಿದೆ, ನೀನು ಬಿಟ್ಟುಹೋದ ಬುದ್ಧಿಮಾತು ನನ್ನ ತಲೆಯಲ್ಲಿದೆ. ಎರಡರಲ್ಲಿ ಛತ್ರಿಯಾದರೂ ಯಾವತ್ತಾದರೂ ಉಪಯೋಗಕ್ಕೆ ಬರುತ್ತದೆ.

ಮುಖ ಊದಿಸಿಕೊಳ್ಳಬೇಡ. ಒಪ್ಪಂದ ಒಪ್ಪಂದವೇ. ಆರು ತಿಂಗಳಲ್ಲಿ ಮಂಡಿ ಸರಿಹೋಗದಿದ್ದರೆ ಮಿಷನ್ ಮಾರಿ, ಅಂಗಡಿಗೆ ಬೀಗ ಹಾಕಿ, ನಿನ್ನ ಎರಡು ಕೋಣೆಯ ಮನೆಗೆ ಬಂದು ಕಿಟಕಿಯ ಬಳಿ ಕೂರುತ್ತೇನೆ. ಬಾಯಿಬಿಟ್ಟು ಹೇಳಿದ್ದೇನೆ, ತಪ್ಪುವವಳಲ್ಲ. ಆದರೆ ಮೂವತ್ತೊಂದು ವರ್ಷ ಆ ಮಿಷನ್ ತುಳಿದ ಕಾಲು ಇದು. ನನ್ನ ಅಕ್ಕ ಎರಡು ವರ್ಷದ ನಿನ್ನನ್ನು ನನ್ನ ಮಡಿಲಿಗೆ ಹಾಕಿ ಕಣ್ಣು ಮುಚ್ಚಿದ ಮೇಲೆ ನಿನ್ನ ಶಾಲೆ, ನಿನ್ನ ಹಾಸ್ಟೆಲ್ಲು, ನಾಲ್ಕನೇ ವಯಸ್ಸಿನಲ್ಲಿ ನೀನು ನುಂಗಿದ ಕೋಟಿನ ಗುಂಡಿ, ಎಲ್ಲವೂ ಆ ಮಿಷನ್ನಿನಿಂದಲೇ ಬಂದದ್ದು. ಕಿಟಕಿಯ ಬಳಿ ನಾನು ಮೂರು ದಿನ ಸುಮ್ಮನೆ ಕೂರಬಹುದು. ನಾಲ್ಕನೇ ದಿನ ನಿನ್ನ ಪರದೆಗಳನ್ನೆಲ್ಲ ಬಿಚ್ಚಿ ಮತ್ತೆ ಹೊಲಿಯಲು ಶುರುಮಾಡುತ್ತೇನೆ.

ಈಗ ಸುದ್ದಿ ಕೇಳು. ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ಡಾಕ್ಟರು ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು, ಮೂಳೆಗಳ ನಡುವಿನ ಮೆತ್ತೆ ಸವೆದಿದೆ ಎಂದರು. ಕೋಟಿನ ಮೊಣಕೈ ಸವೆದರೆ ನಾವು ತೇಪೆ ಹಾಕುತ್ತೇವೆ, ನೀವೇನು ಮಾಡುತ್ತೀರಿ ಎಂದು ಕೇಳಿದೆ. ನಕ್ಕರು. ಆಮೇಲೆ ತಮ್ಮಲ್ಲಿ ಒಂದು ಸಂಶೋಧನೆ ನಡೆಯುತ್ತಿದೆ, ಮನಸ್ಸಿದ್ದರೆ ಸೇರಬಹುದು ಎಂದರು. ಮಂಡಿ ಸವೆದವರನ್ನು ಎರಡು ಗುಂಪು ಮಾಡುತ್ತಾರಂತೆ. ಒಂದು ಗುಂಪಿಗೆ ಹೊಸ ಔಷಧದ ಚುಚ್ಚುಮದ್ದು, ಇನ್ನೊಂದಕ್ಕೆ ಬರೀ ಉಪ್ಪುನೀರಿನದು. ಎರಡೂ ಗುಂಪಿಗೆ ದಿನಾ ವ್ಯಾಯಾಮ. ಯಾರಿಗೆ ಯಾವುದು ಸಿಕ್ಕಿತೆಂದು ಚುಚ್ಚಿಸಿಕೊಂಡವರಿಗೂ ಗೊತ್ತಿಲ್ಲ, ಚುಚ್ಚಿದವರಿಗೂ ಗೊತ್ತಿಲ್ಲ. ಇಬ್ಬರಿಗೂ ಏನೂ ಗೊತ್ತಿಲ್ಲದೆ ನಡೆಯುವುದಕ್ಕೆ ಸಂಶೋಧನೆ ಎನ್ನುತ್ತಾರೆಂದು ನನಗೆ ತಿಳಿದಿರಲಿಲ್ಲ, ನಮ್ಮ ಬೀದಿಯಲ್ಲಿ ಅದಕ್ಕೆ ಸಂಸಾರ ಎನ್ನುತ್ತಾರೆ.

ಒಂಬತ್ತು ಹಾಳೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಬಂದಿದ್ದೇನೆ. ಮೇಲಿನ ಮನೆಯಿಂದ ಕೆಳಗಿನ ಅಂಗಡಿಗೆ ಹದಿನಾಲ್ಕು ಮೆಟ್ಟಿಲು. ಇವತ್ತೂ ಏಡಿಯ ಹಾಗೆ ಅಡ್ಡಡ್ಡ ಇಳಿದೆ. ಜುಲೈ ಹೊತ್ತಿಗೆ ನೇರವಾಗಿ ಇಳಿಯದಿದ್ದರೆ ನೀನು ಹೇಳಿದ ಹಾಗೆಯೇ ಆಗಲಿ.

ನಿನ್ನ ಚಿಕ್ಕಮ್ಮ

ಜನವರಿ 20

ಚಿಕ್ಕಮ್ಮ,

ಸಂಸಾರದ ಮಾತು ಓದಿ ಆಫೀಸಿನಲ್ಲೇ ನಕ್ಕುಬಿಟ್ಟೆ. ಪಕ್ಕದ ಮೇಜಿನವರು ತಿರುಗಿ ನೋಡಿದರು.

ನೀನು ಸೇರಿದ್ದು ಒಳ್ಳೆಯದಾಯಿತು. ಆದರೆ ಒಂದು ಎಚ್ಚರಿಕೆ. ಐದು ಊರುಗಳ ಆಸ್ಪತ್ರೆಗಳಿಂದ ಇಂಥ ಸಂಶೋಧನೆಗಳ ಕಾಗದ ಬರುವುದು ನಮ್ಮ ಆಫೀಸಿಗೇ. ಅವುಗಳ ಮೇಲೆ ಹೆಸರಿರುವುದಿಲ್ಲ, ಬರೀ ಸಂಖ್ಯೆ. ಅದರಲ್ಲಿರುವುದನ್ನು ಸ್ಕೇಲಿನಿಂದ ಅಳೆದು ಕಂಪ್ಯೂಟರಿಗೆ ಹಾಕುವುದು ನನ್ನ ಕೆಲಸ. ನಿನ್ನ ಕಾಗದವೂ ಅಲ್ಲಿಗೇ ಬಂದರೆ ಆಶ್ಚರ್ಯವಿಲ್ಲ. ಅದಕ್ಕೇ ನಿನ್ನ ಸಂಖ್ಯೆಯನ್ನು ನನಗೆ ಹೇಳಬೇಡ. ನಮ್ಮವರ ಕಾಗದವೆಂದು ಗೊತ್ತಾದರೆ ನಾನು ಅದನ್ನು ಮುಟ್ಟುವ ಹಾಗಿಲ್ಲ, ಅದರಲ್ಲಿರುವುದನ್ನು ಯಾರಿಗೂ ಹೇಳುವ ಹಾಗೂ ಇಲ್ಲ. ನಿನಗೂ ಹೇಳುವ ಹಾಗಿಲ್ಲ.

ಇನ್ನೊಂದು ಮಾತು. ನನಗೆ ಬೇಕಾದರೆ ಸುಳ್ಳು ಹೇಳು, ಅಭ್ಯಾಸವಾಗಿದೆ. ಕಾಗದಕ್ಕೆ ಹೇಳಬೇಡ. ನೋವಿದ್ದರೆ ಇದೆ ಎಂದೇ ಹಾಕು.

ಒಪ್ಪಂದಕ್ಕೆ ನಾನು ಹಟ ಹಿಡಿದದ್ದು ನಿನ್ನ ಮಿಷನ್ ಕಿತ್ತುಕೊಳ್ಳಲು ಅಲ್ಲ ಚಿಕ್ಕಮ್ಮ. ಆ ಮೆಟ್ಟಿಲುಗಳ ಬುಡದಲ್ಲಿ ಕಲ್ಲುಹಾಸಿದೆ. ನೀನು ಬಿದ್ದರೆ ಎದುರಿನ ಗಡಿಯಾರ ರಿಪೇರಿಯವರು ಅಂಗಡಿ ತೆರೆಯುವ ತನಕ ಕೇಳುವವರಿಲ್ಲ. ಅದನ್ನು ನೆನೆದರೆ ನನಗೆ ಅನ್ನ ಇಳಿಯುವುದಿಲ್ಲ.

ನಿನ್ನ ಗುಂಡಿ

ಫೆಬ್ರವರಿ 20

ಪ್ರೀತಿಯ ಗುಂಡಿ,

ಮೂರು ವಾರ, ಮೂರು ಚುಚ್ಚುಮದ್ದು. ಮುಗಿಯಿತು. ಚುಚ್ಚಿದ್ದು ಔಷಧವೇ ಇರಬೇಕು, ಉಪ್ಪುನೀರಿಗೆ ಅಷ್ಟು ನೋವಾಗಲು ಸಾಧ್ಯವಿಲ್ಲ ಎಂದೆ. ಸೂಜಿ ಎರಡಕ್ಕೂ ಒಂದೇ ಎಂದು ನರ್ಸ್ ಹೇಳಿದಳು. ಸೂಜಿಯ ವಿಷಯದಲ್ಲಿ ನನಗೇ ಪಾಠ!

ವ್ಯಾಯಾಮ ಕಲಿಸುವವರು ಬೇರೆ ಒಬ್ಬರಿದ್ದಾರೆ, ಕಂಬದಷ್ಟು ಎತ್ತರ. ಕುರ್ಚಿಯಿಂದ ಕೈ ಊರದೆ ಏಳಬೇಕು, ಕೂರಬೇಕು, ಮತ್ತೆ ಏಳಬೇಕು. ಮೊದಲ ದಿನ ಅರ್ಧ ನಿಮಿಷದಲ್ಲಿ ನಾಲ್ಕು ಸಲ ಎದ್ದೆ. ನಾಲ್ಕನೆಯದನ್ನು ಅವರು ದಯೆಯಿಂದ ಲೆಕ್ಕಕ್ಕೆ ಹಿಡಿದರು. ನನ್ನ ಹೊಲಿಗೆಯ ಸ್ಟೂಲು ಎರಡು ಇಂಚು ಗಿಡ್ಡವಾಯಿತೆಂದೂ ಹೇಳಿದರು. ಮೂವತ್ತೊಂದು ವರ್ಷದಿಂದ ಊರಿನವರ ಅಳತೆ ತೆಗೆದಿದ್ದೇನೆ, ನನ್ನ ಸ್ಟೂಲಿನ ಅಳತೆ ತೆಗೆಯಲು ಹೊಳೆದಿರಲಿಲ್ಲ. ಈಗ ಅದರ ಕಾಲಿಗೆ ಮರದ ತುಂಡು ಕೂರಿಸಿದ್ದೇನೆ.

ಇನ್ನು ಜೂನ್ ಕೊನೆಯ ತನಕ ಆಸ್ಪತ್ರೆಗೆ ಹೋಗಬೇಕಿಲ್ಲ. ವಾರಕ್ಕೊಂದು ಹಾಳೆಯನ್ನು ಮನೆಯಲ್ಲೇ ತುಂಬಿ ಅಂಚೆಗೆ ಹಾಕಬೇಕು. ಹಾಳೆಯ ನಡುವೆ ಒಂದು ಗೆರೆ, ಎರಡು ತುದಿಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರ. ಗೆರೆಯ ಮೇಲೆ ಎಲ್ಲಿ ಗುರುತು ಹಾಕಬೇಕು ಎಂದು ನರ್ಸ್ ವಿವರಿಸಲು ಹೊರಟಳು. ಗುರುತು ಹಾಕುವುದನ್ನು ನನಗೆ ಕಲಿಸುತ್ತೀಯಾ ತಾಯಿ ಎಂದು ಬಾಯಿ ಮುಚ್ಚಿಸಿದೆ. ಪಾಪ, ಹಿಂದೆ ಇನ್ನೂ ಏಳು ಜನ ಕಾಯುತ್ತಿದ್ದರು.

ನೋವು ಆಗಲೇ ಎಷ್ಟೋ ಕಡಿಮೆ. ಮೆಟ್ಟಿಲೂ ಪರವಾಗಿಲ್ಲ. ಅಕ್ಷರ ಸೊಟ್ಟಗಿದ್ದರೆ ಪೆನ್ನಿನ ತಪ್ಪು, ನನ್ನದಲ್ಲ.

ನಿನ್ನ ಚಿಕ್ಕಮ್ಮ

ಮಾರ್ಚ್ 6

ಚಿಕ್ಕಮ್ಮ,

ಎರಡೇ ಸಾಲು. ಇಲ್ಲಿ ಕೆಲಸ ತಲೆಯ ಮೇಲಿದೆ. ನಿನ್ನ ಪತ್ರ ಓದಿ ಹಾಲು ಕುಡಿದಷ್ಟು ಸಂತೋಷವಾಯಿತು. ಮೂರೇ ವಾರದಲ್ಲಿ ಕಡಿಮೆಯಾಗಿದೆ ಎಂದರೆ ಜುಲೈಗೆ ನೀನು ಓಡುತ್ತೀಯ. ಹೊಸ ಪೆನ್ನು ಕಳಿಸಿದ್ದೇನೆ.

ಗುಂಡಿ

ಏಪ್ರಿಲ್ 12

ಗುಂಡಿ, ಗುಂಡಿ,

ಇವತ್ತು ಬೆಳಿಗ್ಗೆ ಏನಾಯಿತು ಗೊತ್ತೇ? ಮೇಲಿನ ಮೆಟ್ಟಿಲ ಮೇಲೆ ನಿಂತಿದ್ದೆ. ಶಾಲೆಯ ಸಮವಸ್ತ್ರದ ಗಂಟು ಎರಡು ಕೈಯಲ್ಲೂ ಇತ್ತು. ಕೆಳಗೆ ಯಾರೋ ಬಾಗಿಲು ತಟ್ಟಿದರು. ಬಂದೆ ಬಂದೆ ಎನ್ನುತ್ತ ಇಳಿದೆ. ಬಾಗಿಲು ತೆರೆದು, ಪ್ಯಾಂಟಿನ ಉದ್ದ ಗಿಡ್ಡ ಮಾಡಿಸಲು ಬಂದವರನ್ನು ಮಾತಾಡಿಸಿ ಕಳಿಸಿದ ಮೇಲೆ ಹೊಳೆಯಿತು, ನಾನು ಗೋಡೆ ಹಿಡಿದಿರಲಿಲ್ಲ. ಅಡ್ಡಡ್ಡ ಇಳಿದಿರಲಿಲ್ಲ. ಎಲ್ಲರ ಹಾಗೆ ಮುಖ ಮುಂದೆ ಮಾಡಿಕೊಂಡು ಇಳಿದಿದ್ದೆ.

ನಂಬಿಕೆ ಬರಲಿಲ್ಲ. ಮತ್ತೆ ಹತ್ತಿ ಮತ್ತೆ ಇಳಿದೆ. ಎದುರಿನ ಗಡಿಯಾರದವರು ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ತೆಗೆದು, ಏನು ಕಳೆದುಕೊಂಡಿರಿ, ಹುಡುಕಲು ಬರಲೇ ಎಂದು ಕೇಳಿದರು. ಕಳೆದುಕೊಂಡದ್ದು ಸಿಕ್ಕಿತು ಎಂದೆ.

ಕುರ್ಚಿಯಿಂದ ಏಳುವುದು ಅರ್ಧ ನಿಮಿಷಕ್ಕೆ ಹನ್ನೊಂದಕ್ಕೆ ಬಂದಿದೆ. ಪೂರ್ತಿ ಹೋಗಿಲ್ಲ ಅನ್ನು. ಸಂಜೆಯ ಹೊತ್ತಿಗೆ ಮಂಡಿ ಗೊಣಗುತ್ತದೆ. ನಾನೂ ಗೊಣಗುತ್ತೇನೆ, ಇಬ್ಬರೂ ಮಲಗುತ್ತೇವೆ. ಮಿಷನ್ನಿಗೆ ಎಣ್ಣೆ ಹಾಕಿ, ಪೆಡಲಿಗೆ ಹೊಸ ಬೆಲ್ಟ್ ಹಾಕಿಸಿದ್ದೇನೆ. ನಿನ್ನ ಕಿಟಕಿಯ ಬಳಿ ಒಂದು ಹೂಕುಂಡ ಇಟ್ಟುಕೋ, ನನಗಾಗಿ ಜಾಗ ಖಾಲಿ ಇಡಬೇಡ.

ನಿನ್ನ ಚಿಕ್ಕಮ್ಮ

ಏಪ್ರಿಲ್ 24

ಚಿಕ್ಕಮ್ಮ,

ನಿನ್ನ ಪತ್ರ ತಲುಪಿತು. ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ನೀನು ಬರೆದದ್ದೆಲ್ಲ ನಿಜವೇ? ಅನುಮಾನದಿಂದ ಕೇಳುತ್ತಿಲ್ಲ. ಆದರೆ ನೋವು ಜಾಸ್ತಿಯಾಗಿದ್ದರೆ ಅದರಲ್ಲಿ ನಾಚಿಕೆಪಡುವುದೇನಿಲ್ಲ. ಫೆಬ್ರವರಿಯಲ್ಲಿ ಕಡಿಮೆಯಾದದ್ದು ಆಮೇಲೆ ಮರಳಿ ಬರುವುದೂ ಇದೆ, ಎಷ್ಟೋ ಜನರಿಗೆ ಹಾಗಾಗುತ್ತದೆ. ಒಪ್ಪಂದ ನಾನೇ ಮಾಡಿದ್ದು, ಅದನ್ನು ಸಡಿಲ ಮಾಡಲೂ ನಾನೇ ತಯಾರು. ಅಂಗಡಿ ಉಳಿಸಿಕೊಳ್ಳುವುದಕ್ಕಾಗಿ ನನ್ನ ಹತ್ತಿರ ಏನನ್ನೂ ಮುಚ್ಚಿಡಬೇಡ. ಸಂಜೆ ಮಂಡಿ ಗೊಣಗುತ್ತದೆ ಎಂದು ಬರೆದಿದ್ದೀಯ. ಬರೀ ಗೊಣಗುವುದೋ, ಕಿರುಚುವುದೋ? ರಾತ್ರಿ ನಿದ್ದೆ ಬರುತ್ತದೆಯೇ?

ನಿನಗಾಗಿ ಮಂಚ ತಂದಿಟ್ಟಿದ್ದೇನೆ. ಎತ್ತರದ್ದು, ಏಳಲು ಕಷ್ಟವಾಗುವುದಿಲ್ಲ.

ಗುಂಡಿ

ಮೇ 2

ಗುಂಡಿ,

ಏನೇ ಇದು, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆದಿದ್ದೀಯ? ನಾನು ನಿನಗೆ ಹದಿನಾಲ್ಕು ಮೆಟ್ಟಿಲ ಸಂತೋಷ ಬರೆದರೆ ನೀನು ಮಂಚದ ಎತ್ತರ ಬರೆಯುತ್ತೀಯ.

ನನ್ನ ಮಂಡಿ ನನ್ನದು. ಅದು ಗೊಣಗಿತು ಎಂದರೆ ಗೊಣಗಿತು. ಕಿರುಚಿದ್ದರೆ ಕಿರುಚಿತು ಎಂದು ಬರೆಯುತ್ತಿದ್ದೆ. ನನ್ನನ್ನು ಕರೆಸಿಕೊಳ್ಳಬೇಕೆಂದು ನೀನು ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದೀಯ. ಮಂಡಿ ನೆಟ್ಟಗಾದದ್ದು ನಿನ್ನ ತೀರ್ಮಾನಕ್ಕೆ ಅಡ್ಡ ಬಂತು, ಅಷ್ಟೇ.

ಮಂಚಕ್ಕೆ ಬೇರೆ ಯಾರನ್ನಾದರೂ ಹುಡುಕಿಕೋ.

ಚಿಕ್ಕಮ್ಮ

ಮೇ 9

ಚಿಕ್ಕಮ್ಮ,

ಸಿಟ್ಟು ಮಾಡಿಕೋ, ಆದರೆ ಉತ್ತರ ಬರೆ. ಬೇರೇನೂ ಬೇಡ. ಹೇಗಿದ್ದೀಯ ಎಂದಷ್ಟೇ.

ಗುಂಡಿ

ಮೇ 16

ಗುಂಡಿ,

ಹೇಗಿದ್ದೀಯ ಎಂದು ಕೇಳಿದ್ದೆಯಲ್ಲ, ಹೇಳುತ್ತೇನೆ. ಆಸ್ಪತ್ರೆಯಿಂದ ಕಾಗದ ಬಂದಿದೆ. ನನ್ನ ಸ್ಥಿತಿ ಎರಡು ತಿಂಗಳಿಂದ ಸತತವಾಗಿ ಹದಗೆಡುತ್ತಿರುವುದು ಕಂಡುಬಂದಿದೆಯಂತೆ. ಮೊದಲು ಇದ್ದದ್ದಕ್ಕಿಂತ ಜಾಸ್ತಿಯಾಗಿದೆಯಂತೆ. ನಿಯಮದ ಪ್ರಕಾರ ನನ್ನನ್ನು ಸಂಶೋಧನೆಯಿಂದ ಬಿಡಿಸಿ, ವ್ಯಾಯಾಮ ನಿಲ್ಲಿಸಿ, ಶಸ್ತ್ರಚಿಕಿತ್ಸೆಯ ಡಾಕ್ಟರಿಗೆ ತೋರಿಸಬೇಕಾಗಬಹುದಂತೆ. ಇಪ್ಪತ್ತಾರಕ್ಕೆ ಬರಬೇಕು.

ಹದಗೆಟ್ಟಿದೆಯೆಂದು ಇವರಿಗೆ ಹೇಳಿದ್ದು ಯಾರು? ನಾನಲ್ಲ. ನಾನು ಅಂಥದ್ದೇನೂ ಬರೆದಿಲ್ಲ, ವಾರವಾರ ಗುರುತು ಹಾಕಿ ಕಳಿಸಿದ್ದೇನೆ. ಇಂಥ ಕಾಗದಗಳೆಲ್ಲ ನಿನ್ನ ಆಫೀಸಿಗೆ ಬರುತ್ತವೆ ಎಂದು ನೀನೇ ಬರೆದಿದ್ದೆ. ಏಪ್ರಿಲಿನಲ್ಲಿ, ನೋವು ಜಾಸ್ತಿಯಾಗಿದೆಯೇ ಎಂದು ಕೇಳಿದವಳೂ ನೀನೇ. ಈಗ ಅದೇ ಮಾತು ಆಸ್ಪತ್ರೆಯ ಮುದ್ರೆಯೊಂದಿಗೆ ಬಂದಿದೆ.

ನಿನ್ನನ್ನು ಸಾಕಿದವಳು ನಾನು. ಒಂದೇ ಪ್ರಶ್ನೆ ಕೇಳುತ್ತೇನೆ. ನನ್ನನ್ನು ನಿನ್ನ ಮನೆಗೆ ಕರೆಸಿಕೊಳ್ಳಲು ನೀನು ಅವರಿಗೇನಾದರೂ ಹೇಳಿದೆಯಾ?

ಚಿಕ್ಕಮ್ಮ

ಮೇ 20

ಚಿಕ್ಕಮ್ಮ,

ನಿನ್ನ ಪ್ರಶ್ನೆಗೆ ಹೌದು ಎನ್ನಲಾರೆ, ಇಲ್ಲ ಎನ್ನಲೂ ಆರೆ. ಅತ್ತ ದರಿ, ಇತ್ತ ಪುಲಿ. ನಿನಗೆ ಕೇಡಾಗುವ ಯಾವ ಕೆಲಸವನ್ನೂ ನಾನು ಮಾಡಿಲ್ಲ ಎಂಬುದನ್ನು ನಂಬುವಷ್ಟು ಪ್ರೀತಿ ಇನ್ನೂ ಉಳಿದಿದ್ದರೆ ನಂಬು.

ಇಪ್ಪತ್ತಾರಕ್ಕೆ ತಪ್ಪದೆ ಹೋಗು. ಅವರು ಕೇಳಿದ್ದಕ್ಕೆಲ್ಲ ಇದ್ದದ್ದನ್ನು ಇದ್ದ ಹಾಗೆ ಹೇಳು. ಕುರ್ಚಿಯಿಂದ ಎದ್ದು ತೋರಿಸು ಎಂದರೆ ತೋರಿಸು. ನಾನು ಬರೆಯಬಹುದಾದದ್ದು ಇಷ್ಟೇ.

ಗುಂಡಿ

ಮೇ 27

ಪ್ರೀತಿಯ ಗುಂಡಿ,

ಕೂತು ಓದು. ನಿಂತು ಓದಿದರೆ ನಕ್ಕು ಬಿದ್ದುಬಿಡುತ್ತೀಯ.

ನಿನ್ನೆ ಹೋದೆ. ಹಿಂದಿನ ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಮಿಷನ್ನನ್ನು ಒರೆಸಿ ಬಟ್ಟೆ ಹೊದಿಸಿ ಬಂದಿದ್ದೆ, ಯಾರನ್ನೋ ಕೊನೆಯ ಸಲ ನೋಡಿ ಬಂದ ಹಾಗೆ. ಆಸ್ಪತ್ರೆಯಲ್ಲಿ ಲಿಫ್ಟು ಕೆಟ್ಟಿತ್ತು. ಡಾಕ್ಟರ ಕೋಣೆ ಎರಡನೇ ಮಹಡಿ. ಸಿಟ್ಟಿನಲ್ಲಿದ್ದೆನಲ್ಲ, ದಡದಡ ಹತ್ತಿಬಿಟ್ಟೆ. ಬಾಗಿಲಲ್ಲಿ ತಳ್ಳುಕುರ್ಚಿ ಇಟ್ಟುಕೊಂಡು ನರ್ಸ್ ನನಗಾಗಿಯೇ ಕಾಯುತ್ತಿದ್ದಳು. ಲಿಫ್ಟಿಲ್ಲ, ಹೇಗೆ ಬಂದಿರಿ ಎಂದಳು. ಕಾಲಿನಲ್ಲಿ ಎಂದೆ.

ಡಾಕ್ಟರು ಒಮ್ಮೆ ನನ್ನನ್ನು, ಒಮ್ಮೆ ಕಾಗದವನ್ನು ನೋಡಿದರು. ಕುರ್ಚಿಯಿಂದ ಏಳಿಸಿದರು, ಕೂರಿಸಿದರು. ಅರ್ಧ ನಿಮಿಷಕ್ಕೆ ಹದಿಮೂರು. ಉದ್ದದ ಹಜಾರದಲ್ಲಿ ಗಡಿಯಾರ ಹಿಡಿದು ನಡೆಸಿದರು. ಮಂಡಿಯನ್ನು ಮಡಿಸಿ, ಬಿಡಿಸಿ, ಒತ್ತಿ ನೋಡಿದರು. ಇಷ್ಟೆಲ್ಲ ಆದ ಮೇಲೆ, ನಿಮ್ಮ ಕಾಗದದ ಪ್ರಕಾರ ನೀವು ಹಾಸಿಗೆಯಿಂದ ಏಳುವ ಹಾಗಿಲ್ಲವಲ್ಲ ಎಂದರು. ಹಾಗಾದರೆ ಮಂಡಿ ನೋವು ಕಾಗದಕ್ಕಿರಬೇಕು ಎಂದೆ.

ನರ್ಸಿಗೆ ಏನು ಹೊಳೆಯಿತೋ, ಖಾಲಿ ಹಾಳೆಯೊಂದನ್ನು ತಂದು ನನ್ನ ಮುಂದಿಟ್ಟು, ಇವತ್ತಿನ ಗುರುತು ಹಾಕಿ ಎಂದಳು. ಹಾಕಿದೆ. ಗೆರೆಯ ಎಡತುದಿಯಿಂದ ಬೆರಳಿನಲ್ಲಿ ಅಳೆದು, ಬಲತುದಿಗೆ ಸ್ವಲ್ಪ ಇರುವಂತೆ, ಅಂಗಡಿಯಲ್ಲಿ ಹಾಕುವ ಹಾಗೆಯೇ.

"ಅಮ್ಮ, ಇಲ್ಲಿ ಯಾಕೆ ಹಾಕಿದ್ರಿ?" ಎಂದು ಕೇಳಿದಳು.

"ಇದು ನೋವಿನ ಬಟ್ಟೆ ಅಲ್ವಾ? ಇಲ್ಲಿಂದ ಇಲ್ಲೀವರೆಗೆ ಕತ್ತರಿಸಿ ತೆಗೆದಾಯ್ತು. ಇನ್ನು ಇಷ್ಟು ಉಳಿದಿದೆ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನರ್ಸ್ ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ಆ ಇರುವೆ ಅಕ್ಷರಗಳನ್ನು ಓದಿ ಹೇಳಿದಳು. ಎಡತುದಿಯಲ್ಲಿ 'ನೋವೇ ಇಲ್ಲ' ಎಂದಿದೆಯಂತೆ. ಬಲತುದಿಯಲ್ಲಿ 'ತಡೆಯಲಾಗದ ನೋವು'. ಎಷ್ಟು ನೋವಿದೆಯೋ ಅಲ್ಲಿಗೆ ಗುರುತು ಹಾಕಬೇಕಂತೆ. ನಾನು ಎಷ್ಟು ಹೋಯಿತೋ ಅಲ್ಲಿಗೆ ಹಾಕುತ್ತ ಬಂದಿದ್ದೇನೆ! ಗುಣವಾದಷ್ಟೂ ಗುರುತು ಮುಂದೆ ಹೋಗಿದೆ, ಗುರುತು ಮುಂದೆ ಹೋದಷ್ಟೂ ಇವರು ಗಾಬರಿಯಾಗಿದ್ದಾರೆ. ವಿವರಿಸಲು ಬಂದ ಹುಡುಗಿಯ ಬಾಯಿ ಮುಚ್ಚಿಸಿದ್ದಕ್ಕೆ ನನಗೆ ತಕ್ಕ ಶಾಸ್ತಿಯಾಯಿತು.

ಹಳೆಯ ಹಾಳೆಗಳನ್ನು ತಿರುಗಿಸಿ ಓದಿಕೊಳ್ಳಿ, ಸರಿಹೋಗುತ್ತದಲ್ಲ ಎಂದೆ. ಹಾಗೆ ಮಾಡುವಂತಿಲ್ಲವಂತೆ. ಊಹೆಯಿಂದ ಯಾರೂ ಏನನ್ನೂ ತಿದ್ದುವ ಹಾಗಿಲ್ಲ. ಇದ್ದದ್ದನ್ನು ಇದ್ದ ಹಾಗೆ ಇಟ್ಟು, ಹೀಗೇಕಾಯಿತು ಎಂದು ಪಕ್ಕದಲ್ಲಿ ಬರೆದಿಡುತ್ತಾರೆ. ನನ್ನಿಂದ ನಿಮ್ಮ ಸಂಶೋಧನೆ ಕೆಟ್ಟಿತೇ ಎಂದು ಕೇಳಿದೆ. ಕೆಟ್ಟಿಲ್ಲ ಎಂದರು. ಕುರ್ಚಿ ಮತ್ತು ನಡಿಗೆಯ ಲೆಕ್ಕ ಇದೆ, ಇನ್ನು ಮುಂದಿನ ಹಾಳೆಗಳಿವೆ. ಜೊತೆಗೆ ಆ ಅಕ್ಷರಗಳನ್ನು ದೊಡ್ಡದಾಗಿ ಮುದ್ರಿಸಿ ಎಲ್ಲ ಆಸ್ಪತ್ರೆಗಳಿಗೂ ಕಳಿಸಲು ಇವತ್ತೇ ಬರೆಯುತ್ತಾರಂತೆ.

ಬಿಡಿಸುವ ಮಾತಿಲ್ಲ. ನಾನು ಸಂಶೋಧನೆಯಲ್ಲೇ ಇದ್ದೇನೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ ಗುಂಡಿ, ನೋವಿಗಲ್ಲ. ಹೋದ ಜೀವ ಬಂದಿತ್ತು, ಅದಕ್ಕೆ. ಮನೆಗೆ ಬಂದು ಮಿಷನ್ನಿನ ಹೊದಿಕೆ ತೆಗೆದೆ.

ನಿನ್ನ ಮೇಲೆ ಏನೇನೋ ಹೊರಿಸಿ ಬರೆದೆ. ನಾಲಿಗೆಗಾದರೆ ಮೂಳೆ ಇಲ್ಲ, ನನ್ನ ಪೆನ್ನಿಗೂ ಇಲ್ಲವಾಯಿತು. ಆ ಪತ್ರವನ್ನು ಹರಿದು ಹಾಕು.

ನಿನ್ನ ಚಿಕ್ಕಮ್ಮ

ಜೂನ್ 4

ಚಿಕ್ಕಮ್ಮ,

ನಿಂತೇ ಓದಿದೆ. ನಗಲಿಲ್ಲ. ನೆಲದ ಮೇಲೆ ಕೂತು ಅತ್ತೆ. ಆಮೇಲೆ ನಕ್ಕೆ. ಆ ಪತ್ರವನ್ನು ಹರಿಯುವುದಿಲ್ಲ. ಅದರಲ್ಲಿರುವುದು ಅರ್ಧ ನಿಜ.

ಈಗ ಎಲ್ಲವೂ ದಾಖಲಾಗಿರುವುದರಿಂದ ನಿನಗೆ ಹೇಳಲು ನಮ್ಮ ಮುಖ್ಯಸ್ಥೆ ಅನುಮತಿ ಕೊಟ್ಟಿದ್ದಾರೆ. ಏಪ್ರಿಲ್ ಹದಿನೇಳಕ್ಕೆ ಒಂದು ಕಟ್ಟು ಹಾಳೆ ನನ್ನ ಮೇಜಿಗೆ ಬಂತು. ಎಲ್ಲರೂ ಗೆರೆಯ ಮೇಲೆ ಒಂದು ಅಡ್ಡಗೀಟು ಹಾಕುತ್ತಾರೆ. ಒಂದು ಹಾಳೆಯಲ್ಲಿ ಮಾತ್ರ ಗೀಟಿನ ತಲೆಯ ಮೇಲೆ ಪುಟ್ಟ ಕತ್ತರಿ ಕೂತಿತ್ತು, ಎರಡು ಕಾಲು ಅಗಲಿಸಿಕೊಂಡು. ನಿನ್ನ ಕತ್ತರಿ ಗುರುತನ್ನು ನಾನು ಎಲ್ಲಿದ್ದರೂ ಗುರುತಿಸುತ್ತೇನೆ. ಅದು ಬಲತುದಿಯ ಹತ್ತಿರ ಇತ್ತು. ಎಂಬತ್ತೆರಡು ಮಿಲಿಮೀಟರು.

ಆಗಲೇ ಎದ್ದು ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಅಲ್ಲಿಯವರೆಗೆ ಬೇರೆಯವರ ಮೇಜಿಗೆ ಹೋಗಿದ್ದ ಆ ಸಂಖ್ಯೆಯ ಹಳೆಯ ಹಾಳೆಗಳನ್ನೆಲ್ಲ ತೆಗೆದು ನೋಡಿದೆ, ಅದು ನನ್ನ ಮೊದಲ ತಪ್ಪು. ಫೆಬ್ರವರಿಯಲ್ಲಿ ಹನ್ನೆರಡು. ನೋವು ಎಷ್ಟೋ ಕಡಿಮೆ ಎಂದು ಫೆಬ್ರವರಿಯಲ್ಲಿ ನೀನೂ ಬರೆದಿದ್ದೆ, ಎರಡೂ ತಾಳೆಯಾಯಿತು. ಆಮೇಲೆ ಮೂವತ್ತು, ಐವತ್ತು, ಎಪ್ಪತ್ತು. ಅದರ ಮೇಲೆ ನಿನ್ನ ಮೆಟ್ಟಿಲ ಸಂತೋಷದ ಪತ್ರ. ನೀನು ಅಂಗಡಿ ಉಳಿಸಿಕೊಳ್ಳಲು ಹಲ್ಲು ಕಚ್ಚಿಕೊಂಡು ಸುಳ್ಳು ಬರೆಯುತ್ತಿದ್ದೀಯ ಎಂದುಕೊಂಡೆ. ಮೂರು ದಿನದ ಮೇಲೆ ಮುಖ್ಯಸ್ಥೆಯ ಹತ್ತಿರ ಹೋಗಿ ಒಪ್ಪಿಕೊಂಡೆ. ಚೆನ್ನಾಗಿ ಬೈದರು, ಕಡತವನ್ನು ಬೇರೆಯವರಿಗೆ ಕೊಟ್ಟರು, ಇದರ ಬಗ್ಗೆ ನಿನಗೆ ಒಂದಕ್ಷರವೂ ಬರೆಯಕೂಡದು ಎಂದರು. ಆ ಏರಿಕೆಯನ್ನು ಆಸ್ಪತ್ರೆಗೆ ತಿಳಿಸಿದ್ದೂ ಅವರೇ. ನಾನು ಹೇಳದಿದ್ದರೂ ತಿಂಗಳ ಕೊನೆಗೆ ಅದು ಹೋಗುತ್ತಿತ್ತು. ಆದರೂ ನಿನ್ನ ಪ್ರಶ್ನೆಗೆ ಇಲ್ಲ ಎನ್ನಲಾರೆ ಎಂದದ್ದು ಅದಕ್ಕೇ.

ಆದರೆ ನನ್ನನ್ನು ಚುಚ್ಚುತ್ತಿರುವುದು ಇದ್ಯಾವುದೂ ಅಲ್ಲ. ನಿನ್ನ ಮೇಜಿನ ಕೆಳಗೆ ಕೂತು ಬೆಳೆದವಳು ನಾನು. ಕತ್ತರಿ ಕೂತಲ್ಲಿಯವರೆಗೆ ಹೋಗುವುದು, ಆಚೆಯದು ಉಳಿಯುವುದು, ಎಂದು ನೀನು ಕಲಿಸಿದಾಗ ನನಗೆ ಆರು ವರ್ಷ. ಆ ಗುರುತನ್ನು ಓದಲು ಬರುವವರು ಈ ಲೋಕದಲ್ಲಿ ಇಬ್ಬರೇ. ಒಬ್ಬಳು ಗುರುತು ಹಾಕಿದಳು, ಇನ್ನೊಬ್ಬಳ ಮೇಜಿಗೇ ಅದು ಬಂತು. ನಾನು ಸ್ಕೇಲು ಇಟ್ಟು ಅಳೆದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವುದು ನಮ್ಮ ಆಫೀಸಿನ ಕಸುಬು, ನಾನು ಪ್ರಮಾಣಿಸಿದ್ದೂ ಅದೇ ಹಾಳೆಯಿಂದ. ನಿನ್ನ ಮಾತು ಒಂದು ಕಡೆ, ಕಾಗದ ಇನ್ನೊಂದು ಕಡೆ ಇದ್ದಾಗ ನಾನು ಕಾಗದವನ್ನು ನಂಬಿದೆ.

ಜೊತೆಗೆ ಒಂದು ಹಾಳೆ ಇಟ್ಟಿದ್ದೇನೆ. ನಾನೇ ಗೆರೆ ಎಳೆದಿದ್ದೇನೆ, ಹತ್ತು ಸೆಂಟಿಮೀಟರು, ಅಕ್ಷರ ದೊಡ್ಡದಿದೆ. ನನ್ನ ಮೇಲೆ ನಿನಗೆ ಎಷ್ಟು ಸಿಟ್ಟಿದೆ ಎಂದು ಗುರುತು ಹಾಕಿ ಕಳಿಸು. ಎಡತುದಿ 'ಸಿಟ್ಟೇ ಇಲ್ಲ'. ಬಲತುದಿ 'ತಡೆಯಲಾಗದ ಸಿಟ್ಟು'.

ನಿನ್ನ ಗುಂಡಿ

ಜೂನ್ 12

ಪ್ರೀತಿಯ ಗುಂಡಿ,

ನೀನು ಒಪ್ಪಿಕೊಂಡ ಮೇಲೆ ನಾನೂ ಒಪ್ಪಿಕೊಳ್ಳದಿದ್ದರೆ ಅನ್ಯಾಯವಾಗುತ್ತದೆ.

ಫೆಬ್ರವರಿ ಹದಿನೇಳಕ್ಕೆ ಕೆಳಗಿನ ಮೂರು ಮೆಟ್ಟಿಲು ಇರುವಾಗ ಜಾರಿ ಕಲ್ಲುಹಾಸಿನ ಮೇಲೆ ಬಿದ್ದೆ. ಬೆಳಗಿನ ಹೊತ್ತು. ಗಡಿಯಾರದವರು ಬರುವ ತನಕ ಅಲ್ಲೇ ಇದ್ದೆ, ಮುಕ್ಕಾಲು ಗಂಟೆ. ಕೈ ಉಳುಕಿತ್ತು, ಮೂಳೆಗೇನೂ ಆಗಿರಲಿಲ್ಲ. ಮೂರು ದಿನ ಬಿಟ್ಟು ಅದೇ ಕೈಯಲ್ಲಿ ನಿನಗೆ ನೋವು ಎಷ್ಟೋ ಕಡಿಮೆ, ಮೆಟ್ಟಿಲು ಪರವಾಗಿಲ್ಲ ಎಂದು ಬರೆದೆ, ಸೊಟ್ಟ ಅಕ್ಷರಕ್ಕೆ ಪೆನ್ನನ್ನು ಬೈದೆ. ನೀನು ಪಾಪ ಹೊಸ ಪೆನ್ನು ಕಳಿಸಿದೆ. ಅದರಲ್ಲೇ ಬರೆಯುತ್ತಿದ್ದೇನೆ, ಚೆನ್ನಾಗಿದೆ.

ಆಸ್ಪತ್ರೆಗೆ ಮಾತ್ರ ಅವತ್ತೇ ಹೇಳಿದ್ದೆ, ಕಾಗದಕ್ಕೆ ಸುಳ್ಳು ಹೇಳಬೇಡ ಎಂದಿದ್ದೆಯಲ್ಲ. ಗೆರೆಯ ಮೇಲೂ ನಿಜವನ್ನೇ ಹಾಕಿದ್ದೆ, ಹೆಚ್ಚೇನೂ ಹೋಗಿಲ್ಲ ಎಂದು ಎಡತುದಿಯ ಹತ್ತಿರವೇ ಹಾಕಿದ್ದೆ. ಸುಳ್ಳು ಹೇಳಿದ್ದು ನಿನಗೊಬ್ಬಳಿಗೇ. ಆ ಸುಳ್ಳು ನಿನ್ನ ಸ್ಕೇಲಿನ ಲೆಕ್ಕಕ್ಕೆ ಸರಿಯಾಗಿ ತಾಳೆಯಾಯಿತು ನೋಡು. ನಾನು ಫೆಬ್ರವರಿಯಲ್ಲಿ ನಿಜ ಬರೆದಿದ್ದರೆ ನೀನು ಏಪ್ರಿಲಿನಲ್ಲಿ ನನ್ನನ್ನು ನಂಬುತ್ತಿದ್ದೆ. ಒಮ್ಮೆ ಸುಳ್ಳು ಹೇಳಿದವಳ ನಿಜವನ್ನು ಯಾರು ನಂಬುತ್ತಾರೆ?

ಈಗ ನಿಜ ಹೇಳುತ್ತೇನೆ. ಮೆಟ್ಟಿಲಿಗೆ ಎರಡೂ ಕಡೆ ಹಿಡಿಕೆ ಹಾಕಿಸಿದ್ದೇನೆ. ಬುಡದಲ್ಲಿ ದಪ್ಪ ಚಾಪೆ ಹಾಸಿದ್ದೇನೆ. ಗಡಿಯಾರದವರ ಹತ್ತಿರ ನಮ್ಮ ಬಾಗಿಲಿನ ಇನ್ನೊಂದು ಕೀಲಿಕೈ ಇದೆ, ಬೆಳಿಗ್ಗೆ ಏಳಕ್ಕೆ ನಾನು ಕಿಟಕಿ ತೆರೆಯದಿದ್ದರೆ ಒಳಗೆ ಬಂದು ನೋಡುತ್ತಾರೆ. ನೀನು ಅನ್ನ ಸರಿಯಾಗಿ ತಿನ್ನು. ಆ ಮಂಚವನ್ನು ಕೊಡಬೇಡ. ಜುಲೈಯಲ್ಲಿ ಬರುತ್ತೇನೆ, ಎಂಟು ದಿನ ಇರುತ್ತೇನೆ, ನೆಂಟಳ ಹಾಗೆ. ನಿನ್ನ ಪರದೆಗಳು ಎರಡು ಇಂಚು ಉದ್ದವಿವೆ ಎಂದು ನನಗೆ ಹೋದ ಸಲವೇ ಅನುಮಾನ ಬಂದಿತ್ತು.

ಔಷಧವೋ ಉಪ್ಪುನೀರೋ, ಎಲ್ಲರದೂ ಮುಗಿದ ಮೇಲೆಯೇ ಹೇಳುತ್ತಾರಂತೆ. ಉಪ್ಪುನೀರು ಎಂದು ಗೊತ್ತಾದರೆ ಬೇಜಾರಾಗುತ್ತದೆಯೇ ಎಂದು ನರ್ಸ್ ಕೇಳಿದಳು. ಇಳಿದ ಮೆಟ್ಟಿಲನ್ನು ವಾಪಸ್ ಕೇಳುತ್ತಾರೆಯೇ ಎಂದೆ.

ನಿನ್ನ ಹಾಳೆಯನ್ನು ಗಡಿಯಾರದವರ ಭೂತಗನ್ನಡಿ ಇಟ್ಟು ಎರಡು ತುದಿಯನ್ನೂ ಓದಿದೆ, ಅಕ್ಷರ ದೊಡ್ಡದಿದ್ದರೂ. ಇನ್ನು ಮೇಲೆ ಓದದೆ ಯಾವುದಕ್ಕೂ ಗುರುತು ಹಾಕುವುದಿಲ್ಲ. ಗುರುತು ಹಾಕಿ ಇದರ ಜೊತೆಗೇ ಇಟ್ಟಿದ್ದೇನೆ. ಕತ್ತರಿ ಬಲಗಡೆಯ ಕಟ್ಟಕಡೆಗೆ ಕೂತಿದೆ, ಆಚೆಗೆ ಕೂದಲೆಳೆಯಷ್ಟೂ ಉಳಿದಿಲ್ಲ. ನಿನ್ನ ಆಫೀಸಿನವರಿಗೆ ತೋರಿಸಬೇಡ, ಗಾಬರಿಯಾಗುತ್ತಾರೆ. ಅದನ್ನು ಹೇಗೆ ಓದಬೇಕೆಂದು ನಿನಗೆ ಆರನೇ ವರ್ಷದಲ್ಲೇ ಕಲಿಸಿದ್ದೇನೆ.

ನಿನ್ನ ಚಿಕ್ಕಮ್ಮ